ಕೊನೆಯ ಮರದ ಮೇಲಿನ ಭಾರ

(ಎತ್ತರದ ಪರ್ವತಗಳಿಗೆ ಚಾರಣ ಹೊರಡುವ ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗದ್ದೆಯಂಚಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯನ್ನು ಕಾಣದವರು ಮಲೆನಾಡಿನಲ್ಲಿ ವಿರಳ. ನಾಟಿಗೆ ಇಳಿಯುವ ತಾಯಿ ಹಳೆಯ ಸೀರೆಯೊಂದನ್ನು ಕೊಂಬೆಗೆ ಬಿಗಿದು ಕೂಸನ್ನು ಅದರಲ್ಲಿ ಮಲಗಿಸುತ್ತಾಳೆ. ನೆಲದ ತೇವವಾಗಲಿ ಇರುವೆಯಾಗಲಿ ಕೂಸಿನ ಬಳಿ ಸುಳಿಯುವುದಿಲ್ಲ. ಇಂದು ಚಾರಣಿಗರ ಬೆನ್ನುಚೀಲದಲ್ಲಿ ಮುಷ್ಟಿಗಾತ್ರಕ್ಕೆ ಮಡಚಿ ಕುಳಿತಿರುವ ಹ್ಯಾಮಕ್ ಎಂಬ ತೂಗುಜೋಲಿಯ ತತ್ತ್ವವೂ ಇದೇ. ಎರಡು ಮರ, ಎರಡು ಪಟ್ಟಿ, ನಡುವೆ ಒಂದು ಬಟ್ಟೆ. ಮಲಗುವವನು ಮಾತ್ರ ಕೂಸಲ್ಲ, ಅರವತ್ತು ಎಪ್ಪತ್ತು ಕಿಲೋ ತೂಗುವ ಮನುಷ್ಯ.

ಹ್ಯಾಮಕ್ ಎಂಬ ಪದ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೋ ಜನರ ನುಡಿಯಿಂದ ಬಂದದ್ದು. 1492ರಲ್ಲಿ ಅಲ್ಲಿಗೆ ತಲುಪಿದ ಕೊಲಂಬಸನ ಹಡಗಿನವರು ಆ ಜನ ಹೆಣೆದ ಬಲೆಗಳಲ್ಲಿ ತೂಗಾಡುತ್ತ ನಿದ್ರಿಸುವುದನ್ನು ಕಂಡರು. ಮುಂದೆ ಅದು ಯುರೋಪಿನ ನಾವಿಕರ ಹಾಸಿಗೆಯಾಯಿತು. ಸೆಕೆ, ಕೆಸರು, ಹುಳುಹುಪ್ಪಟೆಗಳಿರುವ ತಗ್ಗಿನ ಕಾಡು ಅದರ ತವರು. ಮೈಕೆಳಗೆ ಗಾಳಿಯಾಡಬೇಕೆಂಬುದೇ ಅದನ್ನು ರೂಪಿಸಿದವರ ಉದ್ದೇಶ. ಅಂತಹ ಸಾಧನವನ್ನು ಹಿಮದ ನೆರಳಿನ ಪರ್ವತಕ್ಕೆ ಹೊತ್ತೊಯ್ದಾಗ ಏನಾಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ತೂಗುಜೋಲಿಗೆ ಅನುಕೂಲಗಳು ಇಲ್ಲದಿಲ್ಲ. ಗುಡಾರಕ್ಕೆ ಸಮತಟ್ಟಾದ ಜಾಗ ಬೇಕು. ಅದಕ್ಕಾಗಿ ಕಲ್ಲು ಎತ್ತಿ ಹಾಕುವುದು, ಹುಲ್ಲು ಕೀಳುವುದು, ಸುತ್ತ ಕಾಲುವೆ ತೋಡುವುದು ಚಾರಣಿಗರಲ್ಲಿ ಬೆಳೆದುಬಂದ ಕೆಟ್ಟ ಅಭ್ಯಾಸಗಳು. ಜೋಲಿಗೆ ಇವು ಯಾವುವೂ ಬೇಡ. ಇಳಿಜಾರಿನಲ್ಲೂ, ಕಲ್ಲುಗುಂಡುಗಳ ಮೇಲೂ, ಇಂಬಳ ತುಂಬಿದ ಒದ್ದೆ ನೆಲದ ಮೇಲೂ ಅದನ್ನು ಕಟ್ಟಬಹುದು. ಆದ್ದರಿಂದ ಇದು ಪರಿಸರಕ್ಕೆ ಹಾನಿಯೇ ಇಲ್ಲದ ಹಾಸಿಗೆ ಎಂಬ ನಂಬಿಕೆ ಹಬ್ಬಿದೆ. ಆ ನಂಬಿಕೆ ಅರ್ಧ ಮಾತ್ರ ನಿಜ. ನೆಲದ ಮೇಲೆ ಬೀಳದ ಭಾರ ಮಾಯವಾಗುವುದಿಲ್ಲ. ಅದು ಮರದ ಮೇಲೆ ಬೀಳುತ್ತದೆ.

ಆ ಭಾರದ ಲೆಕ್ಕ ಸೋಜಿಗದ್ದು. ಬಟ್ಟೆ ಒಣಗಿಸುವ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿ ಒದ್ದೆ ಕಂಬಳಿ ಹಾಕಿದರೆ ಗೂಟ ಕಿತ್ತುಬರುತ್ತದೆ. ಸಡಿಲವಾಗಿ ಕಟ್ಟಿದರೆ ಅದೇ ಕಂಬಳಿಯನ್ನು ಅದೇ ಗೂಟ ತಾಳುತ್ತದೆ. ಜೋಲಿಯ ಸಂಗತಿಯೂ ಹೀಗೆಯೇ. 60 ಕಿಲೋ ತೂಕದವನು ಮಲಗಿದಾಗ ಪಟ್ಟಿಗಳು ಸಮತಲಕ್ಕೆ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಪಟ್ಟಿಯ ಎಳೆತ 60 ಕಿಲೋ ಭಾರಕ್ಕೆ ಸಮ. ಕೋನ 10 ಡಿಗ್ರಿಗೆ ಇಳಿದರೆ ಅದು ಸುಮಾರು 173 ಕಿಲೋ. 5 ಡಿಗ್ರಿಯಾದರೆ ಸುಮಾರು 344 ಕಿಲೋ. ಮಂಚದಂತೆ ಸಪಾಟಾಗಿರಲಿ ಎಂದು ಬಿಗಿದು ಕಟ್ಟುವವನು ತನ್ನ ತೂಕದ ಐದಾರು ಪಟ್ಟು ಬಲದಿಂದ ಎರಡು ಮರಗಳನ್ನು ಒಂದರತ್ತ ಒಂದು ಎಳೆಯುತ್ತಿರುತ್ತಾನೆ. ನಿಜಕ್ಕೂ ಸಪಾಟಾಗಿ ಮಲಗಬೇಕಾದರೆ ಜೋಲಿಯನ್ನು ಸಡಿಲ ಬಿಟ್ಟು, ಅದರಲ್ಲಿ ಓರೆಯಾಗಿ ಮೈಚಾಚಬೇಕು.

ಆ ಎಳೆತವನ್ನು ತಾಳುವುದು ತೊಗಟೆ. ಹೊರತೊಗಟೆ ಒರಟಾಗಿದ್ದರೂ ಅದರ ಅಡಿಯ ಒಳತೊಗಟೆ ಮೃದು. ಎಲೆಗಳು ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಅದರ ಮೂಲಕ. ಅದಕ್ಕೆ ಅಂಟಿದಂತಿರುವ ತೆಳುಪದರವೇ ಮರದ ಸುತ್ತಳತೆಯನ್ನು ವರ್ಷವರ್ಷವೂ ಹಿಗ್ಗಿಸುವಂಥದು. ಉಂಗುರದಂತೆ ಸುತ್ತಲೂ ತೊಗಟೆ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ ಎಂಬುದು ಹಳ್ಳಿಯ ಹಿರಿಯರಿಗೆ ತಿಳಿಯದ್ದಲ್ಲ. 4 ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ ಒಂದು ರಾತ್ರಿ ಮರವನ್ನು ಸುತ್ತಿ, ಮಲಗಿದವನು ಹೊರಳಿದಾಗಲೆಲ್ಲ ಗರಗಸದಂತೆ ಉಜ್ಜಿದರೆ ಆಗುವುದು ಅದೇ ಕೆಲಸದ ಸಣ್ಣ ರೂಪ. 5 ಸೆಂಟಿಮೀಟರ್ ಅಗಲದ ಪಟ್ಟಿಯಾದರೆ ಅದೇ ಬಲ ಹತ್ತು ಪಟ್ಟಿಗೂ ಹೆಚ್ಚು ಅಗಲಕ್ಕೆ ಹಂಚಿಹೋಗುತ್ತದೆ.

ಬಲಿತ ಮರವೊಂದು ಅಗಲ ಪಟ್ಟಿಯ ಮೇಲೆ ಒಬ್ಬನನ್ನು ಒಂದು ರಾತ್ರಿ ಹೊತ್ತರೆ ಅದಕ್ಕೆ ಗಾಯವಾಗುವ ಸಂಭವ ಕಡಿಮೆ. ತೊಂದರೆ ಇರುವುದು ಎರಡನೆಯವನಲ್ಲಿ, ಇನ್ನೂರನೆಯವನಲ್ಲಿ. ದಾರಿಗೆ ಸಮೀಪ, ನೀರಿಗೆ ದೂರವಲ್ಲದ, ನಾಲ್ಕೈದು ಮೀಟರ್ ಅಂತರದ ಎರಡು ಮರಗಳು ಒಂದು ತಾಣದಲ್ಲಿ ಕೆಲವೇ ಇರುತ್ತವೆ. ಬಂದವರೆಲ್ಲ ಆರಿಸುವುದು ಅವನ್ನೇ. ಎತ್ತರ ಏರಿದಂತೆ ಆ ಆಯ್ಕೆಯೂ ಕಿರಿದಾಗುತ್ತದೆ. ಏಕೆಂದರೆ ಪರ್ವತದಲ್ಲಿ ಮರಗಳಿಗೆ ಒಂದು ಗಡಿಯಿದೆ.

ಆ ಗಡಿಯನ್ನು ಕಣ್ಣಾರೆ ಕಾಣಬಹುದಾದ ದಾರಿಗಳಲ್ಲಿ ಉತ್ತರಾಖಂಡದ ಗಂಗೋತ್ರಿಯಿಂದ ಗೋಮುಖಕ್ಕೆ ಹೋಗುವ ಕಾಲುದಾರಿಯೂ ಒಂದು. ಸುಮಾರು 3,100 ಮೀಟರ್ ಎತ್ತರದ ಗಂಗೋತ್ರಿಯ ಸುತ್ತ ದೇವದಾರುಗಳಿವೆ. ಅಲ್ಲಿಂದ 9 ಕಿಲೋಮೀಟರ್ ನಡೆದರೆ ಪೈನ್ ಮರಗಳಿಂದ ಹೆಸರು ಪಡೆದ ಚೀಡವಾಸ. ಇನ್ನೂ 5 ಕಿಲೋಮೀಟರ್ ಮುಂದೆ, ಸುಮಾರು 3,800 ಮೀಟರ್ ಎತ್ತರದಲ್ಲಿ, ಭೋಜವಾಸ. ಭೋಜವೆಂದರೆ ಭೂರ್ಜವೃಕ್ಷ. ಕನ್ನಡ ನಾಡಿನಲ್ಲಿ ಗ್ರಂಥಗಳು ತಾಳೆಗರಿಯ ಮೇಲೆ ಉಳಿದಂತೆ ಕಾಶ್ಮೀರದಂತಹ ಹಿಮಾಲಯದ ಸೀಮೆಯಲ್ಲಿ ಅವು ಈ ಮರದ ತೊಗಟೆಯ ಮೇಲೆ ಉಳಿದವು. ಕಾಳಿದಾಸನ ಕುಮಾರಸಂಭವದ ಹಿಮಾಲಯ ವರ್ಣನೆಯಲ್ಲಿಯೂ ಭೂರ್ಜದ ತೊಗಟೆ ಬರುತ್ತದೆ. ಹಾಳೆಹಾಳೆಯಾಗಿ ಸುಲಿದುಬರುವ ಆ ತೊಗಟೆಗೆ ಹಗ್ಗದ ಉಜ್ಜಾಟ ಎಷ್ಟು ಒಗ್ಗೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭೂರ್ಜಗಳಿಂದಲೇ ಹೆಸರಾದ ಭೋಜವಾಸದಲ್ಲಿ ಭೂರ್ಜಗಳು ಬಹುಪಾಲು ಇಲ್ಲವಾದವು. ಯಾತ್ರಿಕರ ಒಲೆಗೆ, ಚಹಾ ಅಂಗಡಿಗಳ ಉರುವಲಿಗೆ ಅವು ಕಡಿದುಹೋದವು. ಯಾರೊಬ್ಬರೂ ಕಾಡು ನಾಶಮಾಡಲೆಂದು ಬಂದವರಲ್ಲ. ಒಬ್ಬೊಬ್ಬರಿಗೂ ಒಂದು ರಾತ್ರಿಯ ಬೆಂಕಿ ಸಾಕಾಗಿತ್ತು. ವರ್ಷದ ಹೆಚ್ಚಿನ ಕಾಲ ಚಳಿ ಹಿಮಗಳೇ ಇರುವ ಆ ಎತ್ತರದಲ್ಲಿ ಮರ ಬೆಳೆಯಲು ಸಿಗುವುದು ಕೆಲವೇ ತಿಂಗಳು. ಹೀಗೆ ಹೋದ ಮರ ತಾನಾಗಿ ಮರಳಿ ಬರಲು ಒಂದು ತಲೆಮಾರು ಸಾಲದು. 1981ರಲ್ಲಿ ನಂದಾದೇವಿ ಶಿಖರವನ್ನು ಏರಿದ ಪರ್ವತಾರೋಹಿ, ಉತ್ತರಕಾಶಿಯಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿಯಾಗಿದ್ದ ಹರ್ಷವಂತಿ ಬಿಷ್ಟ್ ಅವರು 1989ರಲ್ಲಿ ಗಂಗೋತ್ರಿ ರಕ್ಷಣೆಯ ಕೆಲಸ ಆರಂಭಿಸಿದರು. ಚೀಡವಾಸದಲ್ಲಿ ಸಸಿಗಳ ಪಾಲನೆ ನಡೆಯಿತು. ಭೋಜವಾಸದಲ್ಲಿ ಸಾವಿರಾರು ಭೂರ್ಜದ ಸಸಿಗಳನ್ನು ನೆಡಲಾಯಿತು. 2021ರಲ್ಲಿ ಅವರು ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಆಯ್ಕೆಯಾದರು. ಶಿಖರ ಏರಿದ ಕಾಲುಗಳು ಸಸಿಗಳ ಬಳಿಗೆ ಇಳಿದುಬಂದ ಆ ಕಥೆಯನ್ನು ಚಾರಣಕ್ಕೆ ಹೊರಡುವ ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು.

ಮರಗಳ ಗಡಿಯ ಮೇಲಿರುವುದು ಬುಗ್ಯಾಲ್‌ಗಳೆಂಬ ಹುಲ್ಲುಗಾವಲು. ಗುಡಾರಗಳಿಂದ, ಜನಸಂದಣಿಯಿಂದ ಅವು ಹಾಳಾಗುತ್ತಿರುವುದನ್ನು ಕಂಡು 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟು ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ಹುಲ್ಲಿನ ಮೇಲೆ ಮಲಗಬಾರದೆಂದಾದರೆ ಜೋಲಿಯವನು ಏನು ಮಾಡುತ್ತಾನೆ? ಬುಗ್ಯಾಲ್‌ನಲ್ಲಿ ಕಟ್ಟಲು ಮರವಿಲ್ಲ. ಆತ ತುಸು ಕೆಳಗಿಳಿದು, ಕಾಡಿನ ತುದಿಯಲ್ಲಿ ನಿಂತ ಕುಳ್ಳ ಭೂರ್ಜಗಳನ್ನು ಹುಡುಕುತ್ತಾನೆ. ಹೀಗೆ ಹುಲ್ಲಿಗೆ ತಪ್ಪಿದ ಪೆಟ್ಟು ಕಾಡಿನ ಕೊನೆಯ ಸಾಲಿಗೆ ಬೀಳುತ್ತದೆ. ಗಾಳಿಯನ್ನೂ ಜಾರುವ ಹಿಮವನ್ನೂ ಮೊದಲು ಎದುರಿಸುವುದು ಆ ಸಾಲು.

ಈ ಮಾತು ಹಿಮಾಲಯಕ್ಕೆ ಹೋಗಬಲ್ಲವರಿಗಷ್ಟೇ ಸಂಬಂಧಿಸಿದ್ದಲ್ಲ. ಮುಳ್ಳಯ್ಯನಗಿರಿಯಿಂದ ಕುದುರೆಮುಖದವರೆಗಿನ ನೆತ್ತಿಗಳಲ್ಲಿ ಹುಲ್ಲು ಹರಡಿದ್ದು, ಮರಗಳಿರುವುದು ಕಣಿವೆಯ ಮಡಿಲಿನ ಶೋಲೆಗಳಲ್ಲಿ ಮಾತ್ರ. ಅಲ್ಲಿನ ಕಾಂಡಗಳ ಮೇಲೆ ಪಾಚಿ, ಕಲ್ಲುಹೂವು, ಸೀತಾಳೆಗಳು ಬದುಕುತ್ತವೆ. ಜೋಲಿಯ ಪಟ್ಟಿ ತೊಗಟೆಗೆ ಗಾಯಮಾಡದಿದ್ದರೂ ಇವನ್ನು ಸವರಿಹಾಕುತ್ತದೆ. ಇನ್ನು ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ಉಳಿಯುವುದು ಕಾನೂನಿಗೆ ವಿರುದ್ಧ. ಆನೆಯ ದಾರಿಯಲ್ಲಿ ತೂಗಿ ಮಲಗುವುದು ಪ್ರಾಣಕ್ಕೇ ಸಂಚಕಾರ.

ಕಟ್ಟಲೇಬೇಕಾದವನು ಪಾಲಿಸಬೇಕಾದ ಕ್ರಮಗಳಿವೆ. ಅನುಮತಿಯಿರುವ ತಾಣದಲ್ಲಿ ಮಾತ್ರ, ನೀರಿನಿಂದ 60 ಮೀಟರ್‌ಗಿಂತ ದೂರದಲ್ಲಿ ಕಟ್ಟಬೇಕು. ಮರ ಜೀವಂತವಾಗಿರಬೇಕು, ಕಾಂಡ ಕನಿಷ್ಠ 15 ಸೆಂಟಿಮೀಟರ್ ದಪ್ಪವಿರಬೇಕು. ಒಣಮರ ಮುರಿದು ಮಲಗಿದವನ ಮೇಲೆಯೇ ಬೀಳುತ್ತದೆ. ಪಟ್ಟಿ ಅಗಲವಿರಲಿ, ಕೋನ 30 ಡಿಗ್ರಿಯ ಆಸುಪಾಸಿನಲ್ಲಿರಲಿ. ಮೊಳೆ ಹೊಡೆಯುವುದು, ಕೊಂಬೆ ಕಡಿಯುವುದು ಸಲ್ಲದು. ಜೋಲಿ ಮಂಡಿಯೆತ್ತರದಲ್ಲಿದ್ದರೆ ಸಾಕು. ಗುಡುಗು ಮಿಂಚಿನ ಸೂಚನೆಯಿದ್ದರೆ ಒಂಟಿ ಮರದ ಬಳಿ ಸುಳಿಯಬಾರದು.

ಚಳಿಯ ಮಾತೂ ಇದೆ. ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಋಷಿಕೇಶದಲ್ಲಿ 22 ಡಿಗ್ರಿ ಇರುವ ರಾತ್ರಿ ಭೋಜವಾಸದಲ್ಲಿ ನೀರು ಹೆಪ್ಪುಗಟ್ಟುವ ಚಳಿ ಎಂದು ಈ ಲೆಕ್ಕ ಹೇಳುತ್ತದೆ. ಜೋಲಿಯಲ್ಲಿ ಮೈಭಾರಕ್ಕೆ ಮಲಗುಚೀಲದ ತುಪ್ಪುಳು ಚಪ್ಪಟೆಯಾಗಿ, ಕೆಳಗಿನ ಗಾಳಿ ಬೆನ್ನಿನ ಕಾವನ್ನು ಹೀರುತ್ತದೆ. ಅಡಿಯಲ್ಲಿ ದಪ್ಪ ಹಾಸು ಅಥವಾ ಜೋಲಿಯ ಹೊರಗೆ ತೂಗಿಬಿಡುವ ಹೊದಿಕೆ ಇಲ್ಲದೆ ಮಲಗಿದವನು ನಡುರಾತ್ರಿ ನಡುಗುತ್ತ ಎದ್ದು ಸೌದೆ ಹುಡುಕುತ್ತಾನೆ. ಭೋಜವಾಸದ ಮರಗಳನ್ನು ಕಳೆದದ್ದು ಇಂತಹ ರಾತ್ರಿಗಳೇ. ಆದ್ದರಿಂದ ಬೆಚ್ಚನೆಯ ಹಾಸು ಒಯ್ಯುವುದು ಸ್ವಂತ ಸುಖದ ಪ್ರಶ್ನೆ ಮಾತ್ರವಲ್ಲ.

ಗಢವಾಲಕ್ಕೂ ಮಲೆನಾಡಿಗೂ ಹಳೆಯ ನಂಟಿದೆ. 1973ರಲ್ಲಿ ಅಲ್ಲಿ ಮೊದಲಾದ ಚಿಪ್ಕೋ ಚಳವಳಿಯ ಸ್ಫೂರ್ತಿ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಅಪ್ಪಿಕೋ ಆಯಿತು. ಅಂದು ಮರವನ್ನು ಸುತ್ತಿದ ಕೈಗಳು ಕೊಡಲಿಗೆ ಅಡ್ಡ ನಿಂತಿದ್ದವು. ಇಂದು ಚಾರಣಿಗನ ಪಟ್ಟಿಯೂ ಮರವನ್ನು ಸುತ್ತುತ್ತದೆ, ಆದರೆ ತನ್ನ ಭಾರವನ್ನು ಹೊರಿಸಲು. ಬೆನ್ನುಚೀಲ ಹಗುರವಾಯಿತೆಂದು ಬೀಗುವ ಮುನ್ನ, ಬೆಳಿಗ್ಗೆ ಪಟ್ಟಿ ಬಿಚ್ಚಿದ ಮೇಲೆ ಕಾಂಡವನ್ನು ಬೆರಳಿನಿಂದ ಒಮ್ಮೆ ಸವರಿ ನೋಡಬೇಕು. ಗುರುತು ಮೂಡಿದ್ದರೆ ಮುಂದಿನ ರಾತ್ರಿ ಜೋಲಿ ಚೀಲದಲ್ಲೇ ಉಳಿಯಲಿ. ಮರಗಳು ಮುಗಿಯುವ ಎತ್ತರದಲ್ಲಿ ಅದನ್ನು ಬಿಚ್ಚಲೇಬಾರದು. ಯಾತ್ರಿಕರಿಗಾಗಿರುವ ತಂಗುದಾಣದ ನೆಲದಲ್ಲಿ ಹಾಸು ಬಿಡಿಸಿ ಮಲಗಿದರೆ ಚಾರಣಕ್ಕೆ ಯಾವ ಕುಂದೂ ಬಾರದು.