ಮನೆಯಲ್ಲಿ ವಿಜ್ಞಾನ ಪಾಠ

ಮಕ್ಕಳಿಗೆ ವಿಜ್ಞಾನವನ್ನು ಕಲಿಸಲು ಪ್ರಯೋಗಶಾಲೆಯೇ ಬೇಕೆಂಬ ಭಾವನೆ ವಿದ್ಯಾವಂತರಲ್ಲಿಯೂ ಬಲವಾಗಿದೆ. ಮೈಕೇಲ್ ಫ್ಯಾರಡೆ ಮಹಾಶಯನು 1860-61ರ ಕ್ರಿಸ್‌ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬಾಲಕರಿಗಾಗಿ ಆರು ಉಪನ್ಯಾಸಗಳನ್ನು ಮಾಡಿದನು. ಆರಕ್ಕೂ ವಸ್ತು ಒಂದು ಮೇಣದ ಬತ್ತಿ. ಆತನು ಶಾಲೆಯಲ್ಲಿ ಕಲಿತದ್ದು ಓದುಬರಹ ಲೆಕ್ಕಗಳಷ್ಟೆ. ಪುಸ್ತಕ ಕಟ್ಟುವ ಅಂಗಡಿಯಲ್ಲಿ ದುಡಿಯುತ್ತ, ಅಲ್ಲಿಗೆ ಬಂದ ಗ್ರಂಥಗಳನ್ನೋದಿ ವಿಜ್ಞಾನದ ಕಡೆಗೆ ತಿರುಗಿದನು.

ನಮ್ಮ ಮಗಳು ಕಾಯಿಲೆಯ ದೆಸೆಯಿಂದ ಒಂದು ವರ್ಷ ಶಾಲೆಯನ್ನು ಬಿಡಬೇಕಾಗಿ ಬಂದು, ಪಾಠದ ಭಾರ ನಮ್ಮ ಮೇಲೆ ಬಿದ್ದಿತು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಒಂಬತ್ತು ವರ್ಷದ ಹುಡುಗಿ ಎಷ್ಟರವಳೆಂದು ನಾವು ಭಾವಿಸಿದ್ದೆವು. ತಟ್ಟೆಯ ನೀರಿನ ನಡುವೆ ಮೇಣದ ಬತ್ತಿಯನ್ನು ನಿಲ್ಲಿಸಿ, ಹೊತ್ತಿಸಿ, ಗಾಜಿನ ಲೋಟವನ್ನು ಕವುಚಿದೆವು. ಕೊಂಚ ಹೊತ್ತಿಗೆ ಉರಿ ಆರಿತು. ನೀರು ಲೋಟದೊಳಕ್ಕೆ ಏರಿತು. "ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ, ಉರಿ ಅದನ್ನು ತಿಂದುಬಿಟ್ಟಿತು, ಬರಿದಾದ ಎಡೆಗೆ ನೀರು ಬಂದಿತು" ಎಂದು ಬಾಲ್ಯದಲ್ಲಿ ಗಟ್ಟಿಮಾಡಿದ್ದನ್ನು ಒಪ್ಪಿಸಿದೆವು.

"ಹಾಗಾದರೆ ಅಣ್ಣ, ಉರಿಯುತ್ತಿದ್ದಾಗಲೇ ನೀರು ಮೆಲ್ಲಮೆಲ್ಲನೆ ಏರಬೇಕಾಗಿತ್ತಲ್ಲ? ಆರುವ ಹೊತ್ತಿಗೆ ಏಕೆ ಒಮ್ಮೆಗೇ ಏರಿತು?" ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. 'ಹೇಳಿದ್ದನ್ನು ಬರೆದುಕೊ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಗೊತ್ತಿಲ್ಲಮ್ಮ, ಇನ್ನೊಮ್ಮೆ ನೋಡೋಣ" ಎಂದೆವು. ಈ ಸಲ ಮೂರು ಬತ್ತಿಗಳನ್ನಿಟ್ಟೆವು. ಲೋಟ ಅದೇ, ಆದರೂ ನೀರು ಮೊದಲಿಗಿಂತ ಮೇಲಕ್ಕೇರಿತು. ಕವುಚಿದೊಡನೆ ಲೋಟದ ಅಂಚಿನಿಂದ ಗುಳ್ಳೆಗಳು ಹೊರಟುದನ್ನು ಅವಳೇ ತೋರಿಸಿದಳು.

ಆಗ ಸಂಗತಿ ತಿಳಿಯಿತು. ಉರಿಯ ಕಾವಿಗೆ ಗಾಳಿ ಹಿಗ್ಗಿ, ಅದರಲ್ಲೊಂದು ಭಾಗ ಹೊರಬೀಳುತ್ತದೆ. ಉರಿ ಆರಿದೊಡನೆ ಉಳಿದ ಗಾಳಿ ತಣಿದು ಕುಗ್ಗುತ್ತದೆ. ಹೊರಗಿನ ವಾಯುವಿನ ಒತ್ತಡ ನೀರನ್ನು ಒಳಕ್ಕೆ ನೂಕುತ್ತದೆ. ಬತ್ತಿಯಾದರೋ ಆಮ್ಲಜನಕವೆಲ್ಲ ತೀರುವ ಮೊದಲೇ ಆರುತ್ತದೆ. ತೀರಿದ ಆಮ್ಲಜನಕಕ್ಕೆ ಬದಲಾಗಿ ಇಂಗಾಲಾಮ್ಲ ವಾಯುವೂ ನೀರಾವಿಯೂ ಹುಟ್ಟುತ್ತವೆ. ಆದುದರಿಂದ ಏರಿದ ನೀರು ಆಮ್ಲಜನಕದ ಅಳತೆಯಲ್ಲ. ಮೂವತ್ತು ವರ್ಷ ನಾವು ಹೊತ್ತುಕೊಂಡಿದ್ದ ಈ ತಪ್ಪನ್ನು ಪದವಿಯೂ ತಿದ್ದಿರಲಿಲ್ಲ.

ತಟ್ಟೆ, ಲೋಟ, ಬತ್ತಿ ಯಾವ ಮನೆಯಲ್ಲಿ ಇಲ್ಲ? ಹಿರಿಯರೊಬ್ಬರು ಬಳಿಯಲ್ಲಿದ್ದು, ಮಗು ಕಂಡುದನ್ನು ಮೊದಲು ಮಗುವೇ ಹೇಳಲಿ. ನಮ್ಮ ವಿವರಣೆ ಆಮೇಲೆ ಬರಲಿ. ಅವಳು ಮರುವರ್ಷ ಶಾಲೆಗೆ ಮರಳಿದಳು. "ಅಲ್ಲಿಯೂ ಕೇಳಬಹುದೇ, ಅಣ್ಣ?" ಎಂದು ಹೊರಡುವಾಗ ಕೇಳಿದಳು. ಕೇಳಬಹುದೆಂದೇ ಹೇಳಿ ಕಳುಹಿಸಿದೆವು.