ಒಬ್ಬರೇ ಹೊರಡುವ ಸೈಕಲ್ ಸವಾರಿ



ರಜೆ ಬಂದಿತೆಂದರೆ ನಮ್ಮ ಪಟ್ಟಣಗಳ ಗೃಹಸ್ಥರು ಮಾಡುವ ಪ್ರಯಾಣಗಳು ಬಹುಮಟ್ಟಿಗೆ ಎರಡು ಬಗೆ. ಒಂದು ನೆಂಟರ ಮನೆಗೆ, ಇನ್ನೊಂದು ಪುಣ್ಯಕ್ಷೇತ್ರಕ್ಕೆ. ಎರಡರಲ್ಲಿಯೂ ಮಕ್ಕಳುಮರಿ, ತಿಂಡಿಯ ಡಬ್ಬಿ, ಮನೆಯ ಮಾತುಕತೆ ಎಲ್ಲವೂ ಜೊತೆಗೇ ಬರುತ್ತವೆ. ಮನೆಯೇ ಗಾಲಿ ಕಟ್ಟಿಕೊಂಡು ಹೊರಟಂತಿರುತ್ತದೆ. ಇದನ್ನು ನಾನು ಹಳಿಯಲಾರೆ. ಆದರೆ ಮೂರನೆಯ ಬಗೆಯ ಪ್ರಯಾಣವೊಂದುಂಟು. ವರ್ಷದಲ್ಲಿ ನಾಲ್ಕು ದಿನ ಒಬ್ಬರೇ ಒಂದು ಸೈಕಲ್ಲನ್ನೇರಿ ಊರಿಂದ ಊರಿಗೆ ಹೋಗುವುದು. ಅದುವರೆಗೆ ಹಾಗೆ ಹೋಗದವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೊತ್ತು ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ.

ಈ ಸಲಹೆಯನ್ನು ಕೇಳಿದೊಡನೆ ಮೂರು ಆಕ್ಷೇಪಣೆಗಳು ಏಳುತ್ತವೆ. ಈ ವಯಸ್ಸಿನಲ್ಲಿ ಶರೀರ ತಡೆದೀತೆ? ದಾರಿಯಲ್ಲಿ ಅಪಾಯವಿಲ್ಲವೆ? ಹೋಗುವುದೇ ಆದರೆ ಒಬ್ಬರೇ ಏಕೆ?

ಮೊದಲನೆಯದಕ್ಕೆ ಉತ್ತರ ಸುಲಭ. ನಡೆಯುವ ಮನುಷ್ಯನು ಗಂಟೆಗೆ ಐದು ಕಿಲೋಮೀಟರು ಹೋಗುವಷ್ಟೇ ಶ್ರಮದಿಂದ, ಸಮನಾದ ರಸ್ತೆಯಲ್ಲಿ, ಸೈಕಲ್ಲಿನವನು ಅದರ ಮೂರರಷ್ಟು ದೂರ ಹೋಗಬಲ್ಲ. ಈ ಯಂತ್ರ ಈಗಿನ ರೂಪವನ್ನು ತಳೆಯತೊಡಗಿದ್ದು 1885ರಲ್ಲಿ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರವನ್ನು ಚೈನಿನಿಂದ ತಿರುಗಿಸುವ ತನ್ನ ‘ರೋವರ್’ ಗಾಡಿಯನ್ನು ಹೊರತಂದಾಗ. 1888ರಲ್ಲಿ ಡನ್‌ಲಪ್ ಅದಕ್ಕೆ ಗಾಳಿ ತುಂಬಿದ ಟೈರನ್ನು ಒದಗಿಸಿದ. ಈ ಸುಧಾರಣೆಗಳ ಸಹಾಯವಿಲ್ಲದೆಯೇ, ಮುಂದೆ ಆಳೆತ್ತರದ ಚಕ್ರವಿದ್ದ ಹಳೆಯ ಗಾಡಿಯ ಮೇಲೆ, ಥಾಮಸ್ ಸ್ಟೀವನ್ಸ್ ಎಂಬಾತ 1884ರಿಂದ 1886ರವರೆಗೆ ಒಬ್ಬನೇ ಭೂಮಿಯನ್ನು ಸುತ್ತಿಬಂದ. ನಮ್ಮವರೂ ಹಿಂದೆ ಬೀಳಲಿಲ್ಲ. 1923ರಲ್ಲಿ ಮುಂಬಯಿಯಿಂದ ಆರು ಜನ ಪಾರ್ಸಿ ತರುಣರು ಲೋಕಸಂಚಾರಕ್ಕೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲ, ರುಸ್ತುಂ ಭೂಮ್‌ಗಾರ ಎಂಬ ಮೂವರು 1928ರಲ್ಲಿ ಸಂಚಾರವನ್ನು ಪೂರೈಸಿ ಹಿಂದಿರುಗಿದರು. ಇವರ ಸಾಹಸವನ್ನು ನಾವು ಅನುಕರಿಸಬೇಕಾಗಿಲ್ಲ. ನಾಲ್ಕು ದಿನದ ಸವಾರಿಗೆ ಬೇಕಾದದ್ದು ಪರಾಕ್ರಮವಲ್ಲ, ಮಿತ. ಗಾಳಿಯ ಗುಣವನ್ನು ಅರಿತವನು ಆತುರಪಡುವುದಿಲ್ಲ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಮೆಲ್ಲಗೆ ತುಳಿಯುವವನಿಗೆ ಸಂಜೆಗೂ ಶಕ್ತಿ ಉಳಿದಿರುತ್ತದೆ.

ಒಂದು ಹಾದಿಯನ್ನು ಉದಾಹರಣೆಯಾಗಿ ಹೇಳುತ್ತೇನೆ. ಮೈಸೂರಿನಿಂದ ಬೆಳಗಿನ ಬೆಳಕು ಹರಿಯುವಾಗ ಹೊರಟರೆ, ಹದಿನೈದು ಹದಿನಾರು ಕಿಲೋಮೀಟರಿನ ಮೇಲೆ ಶ್ರೀರಂಗಪಟ್ಟಣ ಸಿಕ್ಕುತ್ತದೆ. ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯ ಮುಖ್ಯ ಪಥವನ್ನು 2023ರ ಆಗಸ್ಟ್ 1ರಿಂದ ನಿಧಾನದ ವಾಹನಗಳಿಗೆ ನಿಷೇಧಿಸಿದ್ದಾರೆ. ನಾವು ಪಕ್ಕದ ದಾರಿಯನ್ನೇ ಹಿಡಿಯಬೇಕು, ಅದೇ ನಮಗೆ ಕ್ಷೇಮ. ಅಲ್ಲಿಂದ ಮುಂದೆ ಪಾಂಡವಪುರ. ಹೈದರಾಲಿ ಟಿಪ್ಪುಗಳ ಕಾಲದಲ್ಲಿ ಫ್ರೆಂಚರ ದಂಡು ಬೀಡುಬಿಟ್ಟಿದ್ದ ಕಾರಣ ಆ ಊರನ್ನು ಹಿಂದೆ ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಅದನ್ನು ದಾಟಿ ಮುಂದೆ ಹೋದರೆ ರಾಮಾನುಜಾಚಾರ್ಯರ ಹೆಸರಿನೊಡನೆ ಬೆರೆತಿರುವ ತೊಣ್ಣೂರು, ಅದರ ದೊಡ್ಡ ಕೆರೆ. ಕಡೆಗೆ ಮೇಲುಕೋಟೆಯ ಬೆಟ್ಟ. ಒಟ್ಟು ಸುಮಾರು ಐವತ್ತು ಕಿಲೋಮೀಟರು. ಬೆಟ್ಟದ ಏರಿನಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತಾಗ, ಪು. ತಿ. ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದ ಊರು ಇದೆಂಬುದು ತಾನಾಗಿ ನೆನಪಾಗುತ್ತದೆ.

ಎರಡನೆಯ ದಿನ ಕೃಷ್ಣರಾಜಪೇಟೆ. ಅದರ ಸಮೀಪದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಮುಂದೆ ಕಿಕ್ಕೇರಿ, ಅಲ್ಲಿ 1171ರಲ್ಲಿ ಕಟ್ಟಿದ ಬ್ರಹ್ಮೇಶ್ವರನ ಗುಡಿ. 1942ರಲ್ಲಿ ‘ಮೈಸೂರು ಮಲ್ಲಿಗೆ’ಯನ್ನು ಕನ್ನಡಿಗರ ಕೈಗಿತ್ತ ಕೆ. ಎಸ್. ನರಸಿಂಹಸ್ವಾಮಿಯವರ ಹುಟ್ಟೂರೂ ಅದೇ. ಸಂಜೆಯೊಳಗಾಗಿ ಶ್ರವಣಬೆಳಗೊಳ. ಮೂರನೆಯ ದಿನ ಬೆಳಗ್ಗೆ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿ, ಕ್ರಿ. ಶ. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ ಆ ಮಹಾಮೂರ್ತಿಯ ಮುಂದೆ ನಿಲ್ಲಬಹುದು. ಒಂಟಿಯಾಗಿ ನಿಂತವನನ್ನು ಒಂಟಿಯಾಗಿ ನೋಡುವುದರಲ್ಲಿ ಒಂದು ಔಚಿತ್ಯವಿದೆ. ಬರುವಾಗ ಕೃಷ್ಣರಾಜಪೇಟೆಯಲ್ಲಿ ರಾತ್ರಿ ತಂಗಿ, ನಾಲ್ಕನೆಯ ದಿನ ಮನೆ ಸೇರಬಹುದು.

ಇನ್ನು ಅಪಾಯದ ಮಾತು. ಅಪಾಯವಿಲ್ಲವೆಂದು ಹೇಳಲಾರೆ, ಆದರೆ ಅದರ ಬಹುಪಾಲು ಮುನ್ನೆಚ್ಚರಿಕೆಗೆ ಬಗ್ಗುತ್ತದೆ. ಕಾರ್ತಿಕದಿಂದ ಮಾಘದವರೆಗಿನ ತಂಪುಕಾಲವನ್ನು ಆರಿಸಿಕೊಳ್ಳಿ; ಆಷಾಢದ ಪಡುವಣ ಗಾಳಿಗೆ ಎದುರಾಗಿ ತುಳಿಯುವುದು ಬೇಡ. ಮುಂಜಾನೆ ಹೊರಟು, ಬಿಸಿಲೇರುವ ಮೊದಲು ದಿನದ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಗಿಸಿ. ಕತ್ತಲಾದ ಮೇಲೆ ರಸ್ತೆಯಲ್ಲಿರಬೇಡಿ. ಕಬ್ಬು ತುಂಬಿದ ಬಂಡಿ, ಟ್ರಾಕ್ಟರುಗಳು ಹಿಂದೆ ದೀಪವಿಲ್ಲದೆ ನಿಂತಿರುವುದುಂಟು. ತಲೆಗೆ ಶಿರಸ್ತ್ರಾಣವಿರಲಿ. ಸೀಟಿನ ಎತ್ತರವನ್ನು ಮೊದಲೇ ಸರಿಪಡಿಸಿಕೊಳ್ಳಬೇಕು: ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು, ಅದಕ್ಕಿಂತ ತಗ್ಗಾದರೆ ಮಂಡಿನೋವು ತಪ್ಪದು. ಗಂಟನ್ನು ಬೆನ್ನಿಗೆ ಕಟ್ಟಿಕೊಳ್ಳದೆ ಹಿಂದಿನ ಕ್ಯಾರಿಯರಿಗೆ ಬಿಗಿಯಿರಿ. ಒಂದು ಜೊತೆ ಬಟ್ಟೆ, ನೀರು, ಪಂಪು, ಒಂದು ಟ್ಯೂಬು, ಪ್ಯಾಚು ಮತ್ತು ಸೊಲ್ಯೂಷನ್, ಒಂದು ಸ್ಪ್ಯಾನರು ಇಷ್ಟಿದ್ದರೆ ಸಾಕು. ಆದರೆ ಪಂಕ್ಚರ್ ಹಾಕುವುದನ್ನು ಮನೆಯ ಅಂಗಳದಲ್ಲಿ ಒಮ್ಮೆ ಸ್ವತಃ ಮಾಡಿ ನೋಡಿರಬೇಕು. ಪ್ರತಿದಿನವೂ ತಂಗುವ ಊರನ್ನು ಸೇರಿದೊಡನೆ ಮನೆಗೆ ದೂರವಾಣಿಯಲ್ಲಿ ಒಂದು ಮಾತು ತಿಳಿಸಿ. ಮನೆಯವರಿಗೆ ನೆಮ್ಮದಿ ಇಲ್ಲದಿದ್ದರೆ ನಮಗೂ ದಾರಿಯಲ್ಲಿ ಸುಖವಿಲ್ಲ.

ಉಳಿದದ್ದು ಮೂರನೆಯ ಪ್ರಶ್ನೆ: ಒಬ್ಬರೇ ಏಕೆ? ನಿಜವಾದ ತೊಡಕು ಇರುವುದು ಇಲ್ಲಿಯೇ. ಶರೀರದ ಆಯಾಸಕ್ಕೆ ನಾವು ಅಷ್ಟಾಗಿ ಹೆದರುವುದಿಲ್ಲ. ಹೆದರುವುದು ನಮ್ಮ ಜೊತೆಗೆ ನಾವೇ ಇರಬೇಕಲ್ಲಾ ಎಂಬುದಕ್ಕೆ. ವಿದ್ಯಾವಂತನ ದಿನ ಗಂಟೆಯ ಶಬ್ದಕ್ಕೆ ತುಂಡು ತುಂಡಾಗಿ ಹಂಚಿಹೋಗಿರುತ್ತದೆ. ಕಾಲೇಜಿನಲ್ಲಿ ಅವನು ಅಧ್ಯಾಪಕ, ಕಚೇರಿಯಲ್ಲಿ ಅಧಿಕಾರಿ, ಮನೆಯಲ್ಲಿ ಯಜಮಾನ. ಈ ವೇಷಗಳೆಲ್ಲ ಕಳಚಿದರೆ ಉಳಿಯುವವನು ಯಾರು ಎಂಬುದನ್ನು ಅವನು ಎಷ್ಟೋ ವರ್ಷಗಳಿಂದ ವಿಚಾರಿಸಿರುವುದಿಲ್ಲ. ಸವಾರಿಯ ಮೊದಲ ದಿನ ಮೊದಲೆರಡು ಗಂಟೆ ಉತ್ಸಾಹದಲ್ಲಿ ಕಳೆಯುತ್ತದೆ. ಆಮೇಲೆ ಬೇಸರ ಬರುತ್ತದೆ. ಅದರ ಹಿಂದೆ, ಬಹುಕಾಲದಿಂದ ಒಳಗೆ ತಳ್ಳಿಟ್ಟಿದ್ದ ಚಿಂತೆಗಳು ಒಂದೊಂದಾಗಿ ತಲೆಯೆತ್ತುತ್ತವೆ. ಉತ್ತರ ಬರೆಯದ ಕಾಗದ, ಮುರಿದ ಸ್ನೇಹ, ಗತಿಸಿದ ಹಿರಿಯರಿಗೆ ಹೇಳದೆ ಉಳಿದ ಮಾತು. ಜೊತೆಗಾರನಿದ್ದಿದ್ದರೆ ಹರಟೆಯಲ್ಲಿ ಇವು ಮುಳುಗಿಹೋಗುತ್ತಿದ್ದವು. ಒಬ್ಬನೇ ಇದ್ದಾಗ ಅವುಗಳೊಡನೆಯೇ ತುಳಿಯುತ್ತ ಹೋಗಬೇಕು. ಮೊದಲನೆಯ ಸಂಜೆ ಹಿಂದಿರುಗಿಬಿಡೋಣವೆಂದು ಹಲವರಿಗೆ ತೋರುವುದು ಇದರಿಂದಲೇ. ಹಿಂದಿರುಗಬೇಡಿ. ಎರಡನೆಯ ದಿನ ಅವುಗಳ ಭಾರ ಇಳಿದಿರುತ್ತದೆ. ಕೆಲವಕ್ಕೆ ಪರಿಹಾರವೂ ತೋರಿರುತ್ತದೆ.

ಒಬ್ಬನೇ ಇರುವುದರಿಂದ ಇನ್ನೊಂದು ಲಾಭವಿದೆ. ಇಬ್ಬರು ಹೋದರೆ ಅವರು ತಮ್ಮೊಳಗೇ ಮಾತನಾಡಿಕೊಳ್ಳುತ್ತಾರೆ. ಒಬ್ಬನು ಹೋದರೆ ಊರು ಅವನನ್ನು ಮಾತನಾಡಿಸುತ್ತದೆ. ನಾನು ಮೊದಲ ಬಾರಿ ಹಾಗೆ ಹೋದಾಗ ಸುಗ್ಗಿಯ ಕಾಲ. ಪಾಂಡವಪುರದಾಚೆ ರೈತರು ಒಕ್ಕಲೆಂದು ಹುರುಳಿಯ ಬಳ್ಳಿಯನ್ನು ರಸ್ತೆಯುದ್ದಕ್ಕೂ ಹರಡಿದ್ದರು. ಅದು ಚೈನಿಗೂ ಚಕ್ರಕ್ಕೂ ಸುತ್ತಿಕೊಂಡು ಗಾಡಿ ನಿಂತುಹೋಯಿತು. ಕಣದಲ್ಲಿದ್ದ ಮುದುಕಿಯೊಬ್ಬಳು ಕುಡುಗೋಲು ಹಿಡಿದು ಬಂದು, ನಾನು ಬೇಡವೆನ್ನುವುದರೊಳಗೆ ಬಳ್ಳಿಯನ್ನು ಕೊಯ್ದು ಬಿಡಿಸಿದಳು. ಆಮೇಲೆ ನನ್ನ ಮುಖವನ್ನು ನೋಡಿ, “ಯಾಕ್ ಮಗ, ಒಬ್ನೇ ಹೊಂಟಿದ್ದೀಯೆ? ಮನೇಲಿ ಜಗಳಗಿಗಳ ಆಡ್ಕಂಡಾ?” ಎಂದಳು. ಇಲ್ಲಮ್ಮ, ಸುಮ್ಮನೆ ನಾಲ್ಕು ಊರು ನೋಡೋಣವೆಂದು ಹೊರಟೆ ಎಂದೆ. “ನೋಡು ಮತ್ತೆ. ಬಿಸ್ಲಾಯ್ತು, ನೀರು ಕುಡ್ಕಂಡು ಹೋಗು” ಎಂದು ಚೊಂಬನ್ನು ಕೈಗಿತ್ತಳು. ಸಮೀಪದ ಆಲೆಮನೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಆಕೆ ನನ್ನ ಹೆಸರನ್ನಾಗಲಿ ಉದ್ಯೋಗವನ್ನಾಗಲಿ ಕೇಳಲಿಲ್ಲ. ಎಷ್ಟೋ ವರ್ಷಗಳಿಂದ ಇತರರಿಗೆ ಹೇಳಿಕೊಡುವುದನ್ನೇ ವೃತ್ತಿಯಾಗಿಸಿಕೊಂಡವನಿಗೆ, ರಸ್ತೆಯ ಬದಿಯಲ್ಲಿ ಕೈಯೊಡ್ಡಿ ನೀರನ್ನು ಪಡೆಯುವುದು ಹೊಸ ಪಾಠವಾಗಿತ್ತು. ಮೋಟಾರಿನಲ್ಲಿ ಹೋಗಿದ್ದರೆ ಆ ಕಣ ಅರೆನಿಮಿಷದಲ್ಲಿ ಹಿಂದೆ ಸರಿದುಹೋಗುತ್ತಿತ್ತು.

ಕರ್ತವ್ಯಗಳ ನಡುವೆ ಇಂಥ ಬಿಡುವನ್ನು ಬಯಸುವುದು ಸ್ವಾರ್ಥವಲ್ಲವೆ ಎಂದು ಕೆಲವರಿಗೆ, ಅದರಲ್ಲಿಯೂ ಸ್ತ್ರೀಯರಿಗೆ, ತೋರಬಹುದು. ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬಾಕೆಗೆ 1941ರಲ್ಲಿ, ಹತ್ತನೆಯ ಹುಟ್ಟುಹಬ್ಬಕ್ಕೆ, ಒಂದು ಸೈಕಲ್ಲೂ ಒಂದು ಭೂಪಟದ ಪುಸ್ತಕವೂ ಉಡುಗೊರೆಯಾಗಿ ಬಂದವು. ಇಂಡಿಯಾಕ್ಕೆ ಸೈಕಲ್ಲಿನಲ್ಲಿ ಹೋಗಬೇಕೆಂದು ಆ ಬಾಲಕಿ ಆಗಲೇ ನಿಶ್ಚಯಿಸಿದಳು. ಆದರೆ ರೋಗಿಯಾದ ತಾಯಿಯ ಶುಶ್ರೂಷೆಯಲ್ಲಿ ಯೌವನದ ವರ್ಷಗಳು ಕಳೆದವು. ತಾಯಿ ತೀರಿಕೊಂಡ ಮೇಲೆ, 1963ರಲ್ಲಿ ಆಕೆ ಒಬ್ಬಳೇ ಹೊರಟು ದೆಹಲಿಯನ್ನು ಮುಟ್ಟಿದಳು. ಆಕೆ ಕರ್ತವ್ಯವನ್ನೂ ತೊರೆಯಲಿಲ್ಲ, ಬಯಕೆಯನ್ನೂ ತೊರೆಯಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತೇವೆ. ಮರೆತದ್ದಕ್ಕಾಗಿ ಮನೆಯವರ ಮೇಲೆ ಕಾರಣವಿಲ್ಲದೆ ಸಿಡುಕುತ್ತೇವೆ. ನಾಲ್ಕು ದಿನ ಮನೆಯನ್ನು ಬಿಟ್ಟಿದ್ದು, ಮನೆಗೆ ಸಮಾಧಾನದ ಮನುಷ್ಯನಾಗಿ ಹಿಂದಿರುಗುವುದು ಮನೆಗೂ ಸಲ್ಲಿಸುವ ಸೇವೆಯೇ. ಆ ನಾಲ್ಕು ದಿನಗಳನ್ನು ಮನೆಯೊಡತಿಯೂ ಹಕ್ಕಿನಿಂದ ಪಡೆಯುವಂತಿರಬೇಕೆಂಬುದನ್ನು ಗಂಡಸರು ಮರೆಯಬಾರದು.

ಒಮ್ಮೆಗೇ ನಾಲ್ಕು ದಿನ ಹೆಚ್ಚೆನಿಸಿದರೆ ಬರುವ ಭಾನುವಾರ ಮುಂಜಾನೆ ಶ್ರೀರಂಗಪಟ್ಟಣದವರೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬನ್ನಿ. ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಧೂಳನ್ನು ಒರಸಿ, ಚೈನಿಗೆ ಎಣ್ಣೆ ಬಿಟ್ಟು, ಟೈರಿಗೆ ಗಾಳಿ ತುಂಬಿಸುವ ಕೆಲಸ ಈ ಸಂಜೆಯೇ ಆಗಬಹುದು.