ಪ್ರಾಜೆಕ್ಟ್ ಮಕ್ಕಳದ್ದೇ ಆಗಿರಲಿ
(ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರಾಜೆಕ್ಟ್ ಎಂಬ ಪದವು ಇಂದು ಪ್ರತಿಯೊಂದು ಮನೆಗೂ ಪರಿಚಿತವಾಗಿದೆ. ರಾತ್ರಿ ತಂದೆ ಸ್ಟೇಶನರಿ ಅಂಗಡಿಗೆ ಓಡುತ್ತಾರೆ, ತಾಯಿ ಥರ್ಮೋಕೋಲ್ ಕತ್ತರಿಸುತ್ತಾರೆ, ಅಣ್ಣ ಅಂತರ್ಜಾಲದಿಂದ ಚಿತ್ರಗಳನ್ನು ಮುದ್ರಿಸಿ ತರುತ್ತಾನೆ. ಬೆಳಗ್ಗೆ ಅಂಕ ಮಗುವಿಗೆ ದೊರೆಯುತ್ತದೆ. ಹಾಗಾದರೆ ಈ ಪ್ರಾಜೆಕ್ಟ್ ಯಾರದು?

1918ರಲ್ಲಿ ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ ಪ್ರಾಜೆಕ್ಟ್ ವಿಧಾನವನ್ನು ವಿವರಿಸಿದಾಗ, ಮಗು ತನ್ನದೇ ಉದ್ದೇಶದಿಂದ, ಮನಃಪೂರ್ವಕವಾಗಿ ಮಾಡುವ ಕೆಲಸವೇ ಅದರ ತಿರುಳಾಗಿತ್ತು. ನಮ್ಮ ದೇಶದಲ್ಲಿ ಜಾಮಿಯಾ ಮಿಲ್ಲಿಯಾದ ಡಾ. ಝಾಕಿರ್ ಹುಸೇನ್ 1937ರಲ್ಲಿ ಬುನಾದಿ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. ಕೈಕೆಲಸದ ಮೂಲಕವೇ ಕಲಿಕೆ ನಡೆಯಬೇಕೆಂಬುದು ಆ ಯೋಜನೆಯ ಅಡಿಪಾಯವಾಗಿತ್ತು. ಈ ಪರಂಪರೆಯ ವಾರಸುದಾರರಾದ ನಾವು ಥರ್ಮೋಕೋಲಿಗೆ ತೃಪ್ತರಾಗುವುದು ಸರಿಯೇ?

ಮಗುವಿಗೆ ಸ್ವಾತಂತ್ರ್ಯ ಕೊಟ್ಟರಷ್ಟೇ ಸಾಲದು. ಅದರ ಪ್ರಮಾಣ ವಯಸ್ಸಿಗೆ ತಕ್ಕಂತಿರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8, 8ರಿಂದ 11, 11ರಿಂದ 14, 14ರಿಂದ 18 ಎಂದು ನಾಲ್ಕು ವಯೋಹಂತಗಳನ್ನು ಗುರುತಿಸಿದೆ. ನೀರು ಎಂಬ ಒಂದೇ ವಿಷಯವನ್ನು ಎತ್ತಿಕೊಳ್ಳೋಣ.

ಐದರ ಮಗುವಿಗೆ ಒಂದು ಬೋಗುಣಿ ನೀರು ಸಾಕು. ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ಅದೇ ಆರಿಸಿ ನೋಡಲಿ, ಬಾಯಲ್ಲೇ ಹೇಳಲಿ. ಕೆಲಸ ಒಂದು ಅವಧಿಯಲ್ಲಿ ಮುಗಿಯಬೇಕು, ಬರಹದ ಅಗತ್ಯವಿಲ್ಲ. ಒಂಬತ್ತರ ಮಗು ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕೆಂದು ವಾರವಿಡೀ ಎಣಿಸಿ ಬರೆಯಬಲ್ಲದು. ಇಲ್ಲಿ ಚೌಕಟ್ಟು ಶಿಕ್ಷಕರದು, ಪ್ರಶ್ನೆ ಮಗುವಿನದು. ಹನ್ನೆರಡರ ಮಕ್ಕಳು ಗುಂಪುಗೂಡಿ ತಿಂಗಳುಗಟ್ಟಲೆ ಬಾವಿಯ ನೀರಿನ ಮಟ್ಟವನ್ನು ಅಳೆದು ನಕ್ಷೆ ಬಿಡಿಸಲಿ. ಈ ವಯಸ್ಸಿನಲ್ಲಿ ಕೆಲಸ ಹಂಚಿಕೊಳ್ಳುವುದೇ ದೊಡ್ಡ ಪಾಠ. ಹದಿನಾರರವರು ಬಾವಿ ಬೇಸಿಗೆಯಲ್ಲಿ ಯಾಕೆ ಬತ್ತುತ್ತದೆಂದು ಕೇಳಲಿ, ಮಳೆಯ ದಾಖಲೆಯನ್ನೂ ಸುತ್ತಲಿನ ಕೊಳವೆಬಾವಿಗಳನ್ನೂ ಪರಿಶೀಲಿಸಲಿ, ಕಂಡುಕೊಂಡದ್ದನ್ನು ಪಂಚಾಯತ್‌ನ ಮುಂದಿಡಲಿ. ಶಿಕ್ಷಕರು ಇಲ್ಲಿ ಸಲಹೆಗಾರರು ಮಾತ್ರ.

1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ 10ರಿಂದ 17ರ ಮಕ್ಕಳನ್ನು ಕಿರಿಯರು, ಹಿರಿಯರು ಎಂದು ಎರಡು ಗುಂಪು ಮಾಡಿಯೇ ಸ್ಥಳೀಯ ಸಮಸ್ಯೆಗಳ ಅಧ್ಯಯನಕ್ಕೆ ಹಚ್ಚಿತು. ಹಿರಿಯರ ಅಳತೆಗೋಲಿನಿಂದ ಕಿರಿಯರನ್ನು ಅಳೆಯುವುದು ಅನ್ಯಾಯ. ಹಿರಿಯರಿಗೆ ಕಿರಿಯರ ಆಟವನ್ನು ಕೊಡುವುದು ಅವರ ಬುದ್ಧಿಗೆ ಮಾಡುವ ಅವಮಾನ.

ಇದು ಕೇವಲ ಬೋಧನಾಕ್ರಮದ ಚರ್ಚೆಯಲ್ಲ, ನ್ಯಾಯದ ಪ್ರಶ್ನೆ. ಹೊಳೆಯುವ ಮಾದರಿಗೆ ಅಂಕ ಕೊಟ್ಟಾಗ ನಾವು ಅಳೆಯುವುದು ಹೆತ್ತವರ ಜೇಬನ್ನು. ಬೀಡಿ ಕಟ್ಟುವ ತಾಯಿಯ ಮಗು ಅಲ್ಲಿ ಮೊದಲೇ ಸೋತಿರುತ್ತದೆ. ಆದರೆ ಕೊಡಗಳನ್ನು ಎಣಿಸಲು ಹಣ ಬೇಕಿಲ್ಲ. ಬೀದಿ ನಳ್ಳಿಯ ಮುಂದೆ ಸರದಿ ನಿಲ್ಲುವ ಮಗುವೇ ಅಲ್ಲಿ ಹೆಚ್ಚು ಬಲ್ಲದು. ಒಂಬತ್ತನೇ ತರಗತಿಯ ಹುಡುಗಿಯ ಮಾತೂ ಅಷ್ಟೇ. ಅವಳ ಪ್ರಶ್ನೆಗಳು ದೊಡ್ಡದಾಗುವ ಹೊತ್ತಿಗೇ ನಾವು ಅವಳ ಅಂಗಳವನ್ನು ಚಿಕ್ಕದು ಮಾಡುತ್ತೇವೆ. ಬಾವಿಯ ಬಳಿಗೆ, ಪಂಚಾಯತ್ ಕಚೇರಿಗೆ ಅವಳೂ ಹೋಗಬೇಕು.

ಶಿಕ್ಷಕರೇ, ಮಗು ಕೇಳಿದ ಪ್ರಶ್ನೆಗೆ, ಮಾಡಿದ ಪ್ರಯತ್ನಕ್ಕೆ, ವಿಫಲವಾದ ಮೇಲೆ ತಿದ್ದಿಕೊಂಡ ರೀತಿಗೆ ಅಂಕ ಕೊಡಿ. ಪೋಷಕರೇ, ಕತ್ತರಿಯನ್ನು ಮಗುವಿನ ಕೈಗೆ ಕೊಡಿ. ಅಂಚು ಸೊಟ್ಟಗಾಗಬಹುದು. ಆದರೆ ಅದು ಮಗುವೇ ಕತ್ತರಿಸಿದ ಅಂಚಾಗಿರುತ್ತದೆ.